ಖಾಲಿ ಹಾಳೆ ಹೊತ್ತು ಮಾಯಾ ಅರಸರ ಊರಿಗೆ

ಮಿಲಿಂದ, ಪ್ರಜ್ಞಾ, ನನ್ನ ಮೊಮ್ಮಕ್ಕಳೇ, ನಾನು ವಿಮಾನದಿಂದ ಇಳಿದು ಬಂದಾಗಿನಿಂದ ನೀವಿಬ್ಬರೂ ಕೇಳುತ್ತಲೇ ಇದ್ದೀರಿ, ಆಯಿ, ಅಲ್ಲಿ ಏನು ನೋಡಿದೆ, ಏನು ಉಂಡೆ ಎಂದು. ಬಾಯಿಂದ ಹೇಳಲು ಹೋದರೆ ನನಗೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ನಾಲ್ಕು ಜನ ಮುಖ ನೋಡಿದರೆ ಸಾಕು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತುಬಿಡುತ್ತೇನೆ. ಹಾಳೆಯಾದರೆ ಮುಖ ನೋಡುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ಅಕ್ಷರಗಳು ಇನ್ನೂ ಕೈಯಲ್ಲಿವೆ.

ಈ ಬರಹದ ಮೊದಲ ಎರಡು ಹಾಳೆ ಬೆಳ್ಳಗೆ ದಪ್ಪಗಿವೆ. ಉಳಿದವು ಮಿಲಿಂದನ ಹಳೆಯ ನೋಟುಬುಕ್ಕಿನವು. ಯಾಕೆ ಹೀಗೆ ಎಂಬುದೂ ಈ ಪ್ರವಾಸದ ಕಥೆಯಲ್ಲೇ ಇದೆ.

ನಮ್ಮೂರು

ಮಹಾಗಾಂವದಲ್ಲಿ ಬಸ್ಸಿಳಿದು ಜೋಳದ ಹೊಲಗಳ ನಡುವೆ ಅರ್ಧ ತಾಸು ನಡೆದರೆ ನಮ್ಮ ಕೇರಿ. ಹೊರಡುವುದಕ್ಕೆ ವಾರ ಇರುವಾಗ ಗೌಡರ ಅಣ್ಣನ ಮಗ ಅಣ್ಣಾರಾವ ಮನೆಗೆ ಬಂದ. ನಾನು ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಾಗ ನನ್ನ ಕೈಯಿಂದಲೇ ಸಾರು ಹಾಕಿಸಿಕೊಂಡು ಉಂಡ ಹುಡುಗ ಅವನು. ಅಂದಿನಿಂದಲೂ ನನ್ನನ್ನು 'ಸುಭದ್ರಾ' ಎಂದೇ ಕರೆಯುತ್ತಿದ್ದ. ಆ ದಿನ ಮನೆಯ ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, "ಸುಭದ್ರಾಬಾಯಿರೀ" ಎಂದ. ಹೊಸ್ತಿಲ ಮೇಲೆ ಕುಳಿತಿದ್ದ ನನಗೆ ಅದನ್ನು ಕೇಳಿಯೇ ಹೆದರಿಕೆಯಾಯಿತು.

"ಈ ಸಲ ಪಂಚಾಯ್ತಿ ಸೀಟು ನಿಮ್ಮ ಕೇರಿ ಹೆಣ್ಮಕ್ಕಳಿಗಿ ಬಂದದ. ನಿಮ್ಮನ್ನೇ ನಿಲ್ಲಿಸಬೇಕಂತ ಕಾಕಾ ಹೇಳ್ಯಾರ."

"ನಂಗ ಮಾತಾಡಾಕ ಬರಂಗಿಲ್ರೀ."

"ಅದಕ್ಕೇ ನಿಮ್ಮನ್ನ ಆರಿಸೀವಿ! ಮಾತು ನಾವ್ ಆಡ್ತೀವಿ. ನೀವು ಕುರ್ಚಿ ಮ್ಯಾಲ ಕುಂತ್ರ ಸಾಕು."

ಒಂದು ನಾಮಪತ್ರ, ಅದರ ಕೆಳಗೆ ಎರಡು ಖಾಲಿ ಹಾಳೆ ಕೊಟ್ಟ. ಖಾಲಿ ಹಾಳೆಗಳ ಬುಡದಲ್ಲಿ ಸಹಿ ಮಾಡಬೇಕಾದ ಕಡೆ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದ್ದ.

"ಇವು ಯಾತಕ್ಕರೀ?"

"ಮುಂದ ಬೇಕಾಗ್ತಾವ. ಒಂದೊಂದು ಸಹಿಗೂ ನಿಮ್ಮ ಮನೀತನಕ ಯಾರು ಓಡ್ಯಾಡ್ಬೇಕು?"

ಆಗಲಿ ಎನ್ನಲಿಲ್ಲ. ಬೇಡ ಎನ್ನುವುದೂ ಬಾಯಿಗೆ ಬರಲಿಲ್ಲ. ಪ್ರವಾಸದಿಂದ ಬಂದ ಮೇಲೆ ಸಹಿ ಮಾಡಿ ಇಟ್ಟಿರಿ ಎಂದು ಹೇಳಿ ಅವನು ಹೋದ. ಹಾಳೆಗಳನ್ನು ಮಡಚಿ ಪಾಸ್‌ಪೋರ್ಟಿನ ಚೀಲದಲ್ಲಿ ಇಟ್ಟೆ. ಮನೆಯಲ್ಲಿಟ್ಟರೆ ಇಲಿ ಕಡಿದಾವು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಇಲಿ ಕಡಿದರೆ ಅಣ್ಣಾರಾವನಿಗೆ ಏನು ಹೇಳುವುದು ಎಂಬ ಭಯ.

ಕಲಬುರಗಿ

ನನ್ನ ಮಗಳು, ನಿಮ್ಮ ಅವ್ವ ಸುಜಾತಾ, ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ ಎಂಬುದಷ್ಟೇ ನನಗೆ ಗೊತ್ತಿತ್ತು. ಯಾವ ಇತಿಹಾಸ ಎಂದು ಕೇಳಿದವಳಲ್ಲ. ಐವಾನ್-ಎ-ಶಾಹಿ ಬಡಾವಣೆಯ ನಿಮ್ಮ ಮನೆಯಲ್ಲಿ ನನ್ನ ಸೀರೆಗಳನ್ನು ಸುರುಳಿ ಸುತ್ತಿ ಪೆಟ್ಟಿಗೆಗೆ ತುಂಬುತ್ತ ಅವಳೇ ಹೇಳಿದಳು.

"ಅವ್ವಾ, ನಮ್ಮ ಕಡೀ ಶಾಸನದಾಗ ಸಣ್ಣ ರಾಜಾ ಮೊದಲ ದೊಡ್ಡ ರಾಜಾನ ಹೆಸರು ಬರಸ್ತಾನ, ಆಮ್ಯಾಲ ತನ್ನ ಹೆಸರು. ಮಾಯಾ ಮಂದೀನೂ ಕಲ್ಲಿನ ಮ್ಯಾಲ ಹಂಗೇ ಬರಸ್ಯಾರ. ಅದನ್ನ ಹೇಳಾಕ ಅವರ ಗ್ವಾಟೆಮಾಲಾ ದೇಶದಾಗಿನ ಸಭಾಕ್ಕ ನಂಗ ಕರದಾರ."

"ಅವರು ನಮ್ಮವರೇನು?"

"ಅಲ್ಲ. ಸಮುದ್ರದ ಆಚಿ ದಂಡೀಯವರು. ಅವರಿಗಿ ನಾವು ಗೊತ್ತಿಲ್ಲ, ನಮಗ ಅವರು ಗೊತ್ತಿಲ್ಲ. ಆದ್ರ ದೊಡ್ಡವರ ಮುಂದ ಸಣ್ಣವರು ಕೂಡೂ ರೀತಿ ಒಂದೇ ಅದ."

ಒಬ್ಬಳೇ ಹೋಗಲು ಅಂಜಿಕೆ ಎಂದಳು. ನನ್ನ ಪಾಸ್‌ಪೋರ್ಟ್ ಮೊದಲೇ ಇತ್ತು. ಲಂಕೆಯ ಬೋಧಿವೃಕ್ಷ ನೋಡಿ ಬರೋಣ ಎಂದು ನನ್ನ ಗಂಡ, ನಿಮ್ಮ ಮುತ್ಯಾ, ಇಬ್ಬರಿಗೂ ಮಾಡಿಸಿದ್ದರು. ಅವರದು ಟ್ರಂಕಿನಲ್ಲಿ ಹಾಗೆಯೇ ಇದೆ.

ಮೋಡದ ಮೇಲೆ

ಪಡುವಣಕ್ಕೆ ಹಾರುವಾಗ ಹೊತ್ತು ಬೇಗ ಮುಳುಗುವುದಿಲ್ಲ. ಸೂರ್ಯ ನಮ್ಮ ಜೊತೆಗೇ ನಡೆದಂತೆ ಬಹಳ ಹೊತ್ತು ಅದೇ ಸಂಜೆ, ಅದೇ ಕೇಸರಿ ಬಣ್ಣ. ಕೆಳಗೆ ಹಿಂಜಿದ ಅರಳೆ ಹಾಸಿದಂತೆ ಮೋಡ. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಮುತ್ಯಾ ಪಕ್ಕದಲ್ಲಿ ಕುಳಿತು, 'ಹತ್ತಿ ಬಿಡಿಸೋದು ಯಾವಾಗ?' ಎಂದು ಕೇಳಿದ ಹಾಗಾಯಿತು. ಕಣ್ಣು ಬಿಟ್ಟರೆ ಅಲ್ಲಿ ಸುಜಾತಾ, ಕನ್ನಡಕ ಹಣೆಗೇರಿಸಿಕೊಂಡು ಬಾಯಿ ತೆರೆದು ಮಲಗಿದ್ದಳು. ಎರಡು ವಿಮಾನ ಬದಲಿಸಿದೆವು. ಎಷ್ಟು ದಿನ ಕಳೆಯಿತೆಂದು ನನಗೆ ಇಂದಿಗೂ ಲೆಕ್ಕ ಸಿಕ್ಕಿಲ್ಲ.

ಗ್ವಾಟೆಮಾಲಾ ನಗರ

ವಿಮಾನ ನಿಲ್ದಾಣದ ಅಧಿಕಾರಿಗೆ ದೊಡ್ಡ ಮೀಸೆ, ನಮ್ಮ ಕಮಲಾಪುರದ ಬಸ್ ನಿಲ್ದಾಣದ ಕಂಟ್ರೋಲರನದೇ ಮೀಸೆ. ಪಾಸ್‌ಪೋರ್ಟ್ ಕೇಳಿದ. ಅದನ್ನು ಎಳೆಯುವಾಗ ಮಡಚಿದ ಖಾಲಿ ಹಾಳೆಗಳೂ ಬಂದವು. ಅವನು ಅವನ್ನು ಬಿಡಿಸಿ, ಈ ಕಡೆ ನೋಡಿದ, ಆ ಕಡೆ ನೋಡಿದ, ಬೆಳಕಿಗೆ ಹಿಡಿದ. ಏನೂ ಇಲ್ಲ. ಪೆನ್ಸಿಲಿನ ಗುರುತು ತೋರಿಸಿ ಏನೋ ಕೇಳಿದ. ಸುಜಾತಾ ನನ್ನತ್ತ ತಿರುಗಿದಳು.

"ಅವ್ವಾ, ಏನಿವು?"

ಹಿಂದೆ ಉದ್ದ ಸಾಲು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸೆರಗು ಬೆರಳಿಗೆ ಸುತ್ತಿಕೊಂಡೆ. ಅಧಿಕಾರಿ ನಕ್ಕು ಹಾಳೆಗಳನ್ನು ಮರಳಿಸಿದ. ಹೊರಗೆ ಬಂದು ಪೆಟ್ಟಿಗೆಗಳ ಮೇಲೆ ಕುಳಿತ ಮೇಲೆ ಅವಳಿಗೆ ಎಲ್ಲ ಹೇಳಿದೆ.

"ಖಾಲಿ ಹಾಳಿಗಿ ಸಹಿ ಕೇಳ್ಯಾರ? ನಾಳಿ ಅದರ ಮ್ಯಾಲ ನೀನೇ ರಾಜೀನಾಮೆ ಕೊಟ್ಟೀದಿ ಅಂತ ಬರಕೊಂಡ್ರ? ಊರ ಜಾಗಾ ಯಾರಿಗೋ ಕೊಟ್ಟೀದಿ ಅಂತ ಬರಕೊಂಡ್ರ?" ಸುಜಾತಾಳ ಧ್ವನಿ ಏರಿತು. "ಇಲ್ಲೇ ಹರದ ಒಗಿ. ನಾಮಪತ್ರಾನೂ ಹರಿ. ನಿಂಗ್ಯಾಕ ಬೇಕು ಅವರ ಉಸಾಬರಿ?"

ನಾನು ಹರಿಯಲಿಲ್ಲ. ಹರಿದರೆ ಸೀಟು ಇನ್ನೊಬ್ಬಳಿಗೆ ಹೋಗುತ್ತದೆ. ನಮ್ಮ ಕೇರಿಯಲ್ಲಿ ಅಕ್ಷರ ಬಲ್ಲ ನನ್ನ ಓರಗೆಯವರು ಇಲ್ಲ. ಆ ಇನ್ನೊಬ್ಬಳು ಏನು ಕೊಟ್ಟರೂ ಹೆಬ್ಬೆಟ್ಟು ಒತ್ತುತ್ತಾಳೆ. ಇದನ್ನೆಲ್ಲ ಸುಜಾತಾಳಿಗೆ ಹೇಳಲು ಬರಲಿಲ್ಲ. ಹಾಳೆಗಳನ್ನು ಮತ್ತೆ ಚೀಲದೊಳಗೆ ಇಟ್ಟೆ. ಅಂದಿನಿಂದ ಆ ಚೀಲ ನನ್ನ ಕಂಕುಳಲ್ಲಿ ಹಸುಗೂಸಿನಂತೆ ಇತ್ತು.

ಮಣ್ಣಿನ ಪಾತ್ರೆ

ನಮ್ಮನ್ನು ಸುತ್ತಾಡಿಸಿದವಳು ಎಲೆನಾ. ಅಲ್ಲಿಯ ಬೆಟ್ಟದ ಕಡೆಯ ಮಾಯಾ ಹೆಣ್ಣುಮಗಳು, ಸುಜಾತಾಳಂತೆ ಮೇಷ್ಟ್ರು. ಅವಳು ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳುವಳು, ಸುಜಾತಾ ನನಗೆ ಎರಡು ಮಾತಿನಲ್ಲಿ ಮುಗಿಸುವಳು. "ಇಷ್ಟೇ ಹೇಳಿದಳೇನು?" ಎಂದರೆ, "ಉಳದದ್ದು ತಾರೀಖು, ಬಿಡು" ಎನ್ನುವಳು.

ವಸ್ತುಸಂಗ್ರಹಾಲಯದಲ್ಲಿ ಒಂದು ಮಣ್ಣಿನ ಪಾತ್ರೆ ಇತ್ತು. ಸುತ್ತಲೂ ಕೆಂಪು ಕಪ್ಪು ಬಣ್ಣದ ಚಿತ್ರ. ಕಟ್ಟೆಯ ಮೇಲೆ ದಿಂಬಿಗೆ ಒರಗಿ ಒಬ್ಬ. ಎದುರಿಗೆ ನೆಲದ ಮೇಲೆ ಮೊಣಕಾಲೂರಿ, ಒಂದು ಕೈಯನ್ನು ಎದುರು ಹೆಗಲಿಗೆ ಇಟ್ಟುಕೊಂಡ ಇನ್ನೊಬ್ಬ. ನಡುವೆ ಬಟ್ಟೆಯ ಗಂಟು, ಬೀಜದ ಚೀಲ. ಹಿಂದೆ ಮತ್ತೊಬ್ಬ ನಿಂತಿದ್ದಾನೆ. ನಾನು ಸುಜಾತಾಳ ಕಿವಿಯಲ್ಲಿ ಹೇಳಿದೆ, "ಮ್ಯಾಲ ಕುಂತಾಂವ ಗೌಡ. ಕೆಳಗಿನಾಂವ ಅಂಜಿಕೊಂಡ ಬಂದಾನ, ಕಾಣಿಕಿ ಕಡಿಮ್ಯಾಗ್ಯಾದ ಅಂತ ಅವಗ ಗೊತ್ತದ. ಹಿಂದ ನಿಂತಾಂವ ಇವನ ಜೋಡಿ ಬಂದಾಂವ ಅಲ್ಲ. ಗೌಡನ ಮನೀ ಮನಷ್ಯಾ. ನೋಡು, ಹೆಂಗ ನಗಾಕತ್ತಾನ."

ಸುಜಾತಾ ಅದನ್ನು ಎಲೆನಾಳಿಗೆ ಹೇಳಿದಳು. ಎಲೆನಾ ಪಾತ್ರೆ ನೋಡಿದಳು, ನನ್ನನ್ನು ನೋಡಿದಳು. ಕಾಣಿಕೆ ಕಡಿಮೆಯೋ ಅಲ್ಲವೋ ಆಕೆಗೆ ತಿಳಿಯದು. ಉಳಿದದ್ದನ್ನು ಪಂಡಿತರೂ ಹಾಗೆಯೇ ಓದಿದ್ದಾರಂತೆ, ಅದಕ್ಕೆ ಅವರಿಗೆ ವರ್ಷಗಳು ಹಿಡಿದವಂತೆ.

"ನಿಮ್ಮ ಅವ್ವ ಇದನ್ನೆಲ್ಲ ಎಲ್ಲಿ ಓದ್ಯಾರಂತ ಕೇಳಾಕತ್ತಾಳ," ಎಂದಳು ಸುಜಾತಾ.

"ನೀ ಏನ್ ಹೇಳ್ದಿ?"

"ಹೊಸ್ತಿಲ ಮ್ಯಾಲ ಕುಂತು ಅಂದೆ."

ಮೂವರೂ ನಕ್ಕೆವು. ಆಮೇಲೆ ಎಲೆನಾ ಹೇಳಿದ ಮಾತು ಕೇಳಿ ನನ್ನ ನಗು ನಿಂತಿತು. ಮೊಣಕಾಲೂರಿದವನು ಆಳಲ್ಲವಂತೆ. ಅವನೂ ತನ್ನೂರಿನಲ್ಲಿ ಅರಸನೇ. ಅಲ್ಲಿ ಅವನಿಗೊಂದು ಕಟ್ಟೆ, ಒಂದು ದಿಂಬು, ಮುಂದೆ ಮೊಣಕಾಲೂರುವವರು. ಕಟ್ಟೆ ಇದ್ದವನೂ ಇನ್ನೊಂದು ಕಟ್ಟೆಯ ಕೆಳಗೆ ಇರಬಹುದು ಎಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಟಿಕಾಲ್

ಕಾಡಿನೊಳಗೆ ಬೆಳಗಿನ ಮಂಜು. ಕಾಣದ ಕೋತಿಗಳು ಹುಲಿಯಂತೆ ಗರ್ಜಿಸುತ್ತಿದ್ದವು. ಮಂಜು ಸರಿದಂತೆ ಒಂದು ಗುಡಿ, ಬೆಟ್ಟದಷ್ಟು ಎತ್ತರದ್ದು, ಸದ್ದಿಲ್ಲದೆ ಎದುರಿಗೆ ಬಂದು ನಿಂತಿತು. ನಾವೇ ನಡೆದು ಹತ್ತಿರ ಹೋದೆವೆಂದು ಬುದ್ಧಿ ಹೇಳುತ್ತದೆ. ನನಗೆ ಇಂದಿಗೂ ಅದೇ ಬಂದಂತೆ ನೆನಪು.

ಬುದ್ಧವಿಹಾರವಾಗಲಿ ದರ್ಗಾ ಆಗಲಿ, ಮೆಟ್ಟಿಲೇರುವ ಮೊದಲು ಚಪ್ಪಲಿ ಬಿಡಬೇಕೆಂದು ನನ್ನ ಕಾಲಿಗೇ ಗೊತ್ತು. ಬುಡದಲ್ಲಿ ಜೋಡಿಸಿಟ್ಟು, ಕಟ್ಟಿಗೆಯ ಮೆಟ್ಟಿಲು ಹತ್ತಿದೆ. ತುದಿಯಲ್ಲಿ ಕುಳಿತರೆ ಕೆಳಗೆ ಮಂಜೆಲ್ಲ ಹಾಲಿನ ಕೆರೆಯಂತೆ. ಅಲ್ಲಲ್ಲಿ ಗುಡಿಗಳ ನೆತ್ತಿ ಮಾತ್ರ ಮೇಲೆ. ಸುಜಾತಾ ಬಡಗಣಕ್ಕೆ ಕೈ ತೋರಿಸಿದಳು. ಆ ಕಾಡಿನಾಚೆ ಹಾವಿನ ಗುರುತಿನ ಒಂದು ದೊಡ್ಡ ಊರಂತೆ. ಅದಕ್ಕೂ ಟಿಕಾಲಿಗೂ ತಲೆತಲಾಂತರದ ಹಗೆ. ನಡುವಿನ ಸಣ್ಣ ಊರುಗಳು ಇಂದು ಇವರ ಕಡೆ, ನಾಳೆ ಅವರ ಕಡೆ. ಇವರಲ್ಲಿ ಯಾರೂ ಇಡೀ ನಾಡಿಗೆ ಒಬ್ಬನೇ ದೊರೆಯಾಗಲಿಲ್ಲ. ಅದಕ್ಕೂ ಹಿಂದೆ ಪಡುವಣದ ಒಂದು ಮಹಾನಗರದಿಂದ ಬೇರೆ ವೇಷದ ಜನ ಬಂದರಂತೆ. ಅವರು ಬಂದ ದಿನವೇ ಇಲ್ಲಿಯ ಅರಸ ಇಲ್ಲವಾದ. ಕಲ್ಲಿನಲ್ಲಿ 'ನೀರೊಳಗೆ ಹೋದ' ಎಂದಷ್ಟೇ ಇದೆ.

ನೀರೊಳಗೆ ಹೋದ. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ನಮ್ಮ ಕಡೆಯೂ ಎಷ್ಟೋ ಜನ ನೀರೊಳಗೆ ಹೋದರು. ಕಲಬುರಗಿಯ ಕೋಟೆ ಕಟ್ಟಿದ ಸುಲ್ತಾನರು ಬೀದರಿಗೆ ಹೋದರು, ಎಷ್ಟೋ ಕಾಲದ ಮೇಲೆ ನಿಜಾಮರು ಬಂದರು, ಅವರೂ ಹೋದರು. ನನ್ನ ಆಯಿ ಹೇಳುತ್ತಿದ್ದಳು, "ಸರಕಾರ ಬದಲಾತು ಅಂತ ಡಂಗುರ ಹೊಡದ್ರು. ಮರುದಿನ ಮುಂಜಾನಿ ಬಿಟ್ಟಿ ಕೆಲಸಕ್ಕ ಅದೇ ಮನೀಗಿ ಹೋದೆ."

ಇಳಿದು ಬಂದರೆ ಒಂದೇ ಚಪ್ಪಲಿ! ಉದ್ದ ಮೂತಿಯ, ಬಾಲವನ್ನು ಕೋಲಿನಂತೆ ನೆಟ್ಟಗೆ ನಿಲ್ಲಿಸಿಕೊಂಡ ಪ್ರಾಣಿಯೊಂದು ಇನ್ನೊಂದನ್ನು ಕಚ್ಚಿಕೊಂಡು ಪೊದೆಯೊಳಗೆ ಹೋಗುತ್ತಿತ್ತು. ನಮ್ಮ ಮುಂಗುಸಿಯ ದೊಡ್ಡಪ್ಪನಂತಿತ್ತು. ಕಾವಲುಗಾರ ಹೊಟ್ಟೆ ಹಿಡಿದು ನಕ್ಕ. ಇಲ್ಲಿ ಚಪ್ಪಲಿ ಬಿಟ್ಟು ಹತ್ತಿದವರನ್ನು ಅವನು ಕಂಡಿರಲಿಲ್ಲವಂತೆ. ಓಡಿಹೋಗಿ ತನ್ನ ಹೆಂಡತಿಯ ರಬ್ಬರ್ ಚಪ್ಪಲಿ ತಂದುಕೊಟ್ಟ. ನನ್ನ ಕಾಲಿಗಿಂತ ಒಂದು ಬೆರಳು ದೊಡ್ಡವು.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಗೌಡರ ಓಣಿ ದಾಟುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿಯಬೇಕಿತ್ತು. ಅಂದು ಅರಸರ ಅಂಗಳದ ಉದ್ದಕ್ಕೂ, ಮುಖ ಕಾಣದ ಒಬ್ಬ ಹೆಣ್ಣುಮಗಳ ಚಪ್ಪಲಿ ಮೆಟ್ಟಿ, ಪಟಪಟ ಸದ್ದು ಮಾಡುತ್ತ ನಡೆದೆ. ಬೇಕೆಂದೇ ಇನ್ನೊಂದು ಸುತ್ತು ಹಾಕಿದೆ.

ಆ ಹೆಣ್ಣಿನ ಕಲ್ಲು

ಮರುದಿನ ಒಂದು ಸಣ್ಣ ಸಂಗ್ರಹಾಲಯದಲ್ಲಿ ನರಾಂಜೊ ಎಂಬ ಹಳೆಯ ಊರಿನ ಕಲ್ಲೊಂದರ ಪಡಿಯಚ್ಚು ನೋಡಿದೆವು. ಆಳೆತ್ತರದ ಕಲ್ಲು. ಅದರಲ್ಲಿ ಮಣಿಗಳ ಬಲೆಯಂಥ ಬಟ್ಟೆಯುಟ್ಟ ಹೆಣ್ಣು, ತಲೆಯ ಮೇಲೆ ಗರಿಗಳು. ನೋಡಿದ ಕೂಡಲೇ ಸೆರಗನ್ನು ತಲೆಗೆ ಹೊದ್ದು ಕೈ ಮುಗಿದೆ. ಕಣ್ಣಲ್ಲಿ ನೀರು ಬಂತು.

"ಪಾಪ, ಸುಟ್ಟುಕೊಂಡಾಳ," ಎಂದೆ.

ನಮ್ಮೂರ ಹಾಳುಬಾವಿಯ ಹತ್ತಿರ ಬಳೆ ತೊಟ್ಟ ಕೈ ಎತ್ತಿದ ಒಂದು ಕಲ್ಲು ಇದೆಯಲ್ಲ, ಮಾಸ್ತಿಕಲ್ಲು? ಗಂಡ ಸತ್ತ ಮೇಲೆ ಚಿತೆ ಹತ್ತಿದವಳದು. ಹೆಣ್ಣನ್ನು ಕಲ್ಲಿನಲ್ಲಿ ನಿಲ್ಲಿಸುವುದು ಅದಕ್ಕೇ ಎಂದು ನಾನು ಹುಟ್ಟಿದಾಗಿನಿಂದ ತಿಳಿದಿದ್ದೆ. ಗಂಡ ತೀರಿಕೊಂಡ ವರ್ಷ ಅದರ ಮುಂದೆ ಹಾದಾಗಲೆಲ್ಲ ಆ ಕೈ ನನ್ನನ್ನೇ ಕರೆದಂತೆ ಅನಿಸುತ್ತಿತ್ತು.

ಸುಜಾತಾ ಹೇಳಿದ್ದು ಕೇಳಿ ಎಲೆನಾ ಮೊದಲು ನಗಲು ಹೋದಳು, ನನ್ನ ಮುಖ ನೋಡಿ ತಡೆದುಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು.

"ಇಲ್ಲ ಅವ್ವಾ," ಎಂದಳು ಸುಜಾತಾ, "ಈಕಿ ಸುಟ್ಟುಕೊಂಡಾಕಿ ಅಲ್ಲ. ಬ್ಯಾರೆ ಊರಿನ ರಾಜಾನ ಮಗಳು. ಈ ಊರು ಹಾಳಾಗಿ ಬಿದ್ದಿತ್ತು, ಇಲ್ಲೀಗಿ ಕಳಿಸಿದ್ರು. ತನ್ನ ಐದು ವರ್ಷದ ಕೂಸಿನ್ನ ಪಟ್ಟದ ಮ್ಯಾಲ ಕೂಡಿಸಿ, ಈಕೀನೇ ಊರು ನಡಿಸಿದಳು."

"ಗಂಡ?"

"ಅವನ ಸುದ್ದೀನೇ ಕಲ್ಲಿನ್ಯಾಗ ಇಲ್ಲಂತ."

ಕಲ್ಲಿಗೆ ಇನ್ನಷ್ಟು ಹತ್ತಿರ ಹೋದೆ. ಆಮೇಲೆ ನನ್ನ ಚೀಲದೊಳಗಿನದೇ ಪ್ರಶ್ನೆ ಕೇಳಿದೆ, "ಈಕೀನ ಕೂಡಿಸಿದವರು ಯಾರು? ಮಾತು ಈಕೀದೋ, ಅವರದೋ?"

ಎಲೆನಾ ಯೋಚಿಸಿ ಹೇಳಿದಳು. ಹಾವಿನ ಗುರುತಿನ ದೊಡ್ಡ ಊರಿನ ಆಸರೆ ಇತ್ತಂತೆ. ಅಲ್ಲಿಯ ದೊರೆಯ ಕೈಕೆಳಗೆ ಹುಡುಗ ಪಟ್ಟಕ್ಕೆ ಬಂದ ಎಂಬುದೂ ಕಲ್ಲಿನಲ್ಲಿ ಇದೆ. ಸ್ವಲ್ಪ ಕಾಲದಲ್ಲೇ ಆ ದೊಡ್ಡ ಊರು ಟಿಕಾಲಿನ ಎದುರು ಸೋತಿತು. ಈಕೆ ಮಾತ್ರ ಆಮೇಲೂ ತನ್ನ ಕಲ್ಲು ನಿಲ್ಲಿಸುತ್ತಲೇ ಇದ್ದಳು.

ಸಂತೋಷವಾಯಿತು. ಆದರೆ ಮಕ್ಕಳೇ, ಒಂದನ್ನು ಮುಚ್ಚಿಡಬಾರದು. ಅವಳ ಕಾಲಕೆಳಗೆ ಒಬ್ಬ ಮನುಷ್ಯ ಇದ್ದ. ಸೆರೆಯಾದವನು, ಮಂಡಿ ಮಡಿಸಿ, ಕತ್ತು ತಿರುಗಿಸಿ ಮೇಲೆ ನೋಡುತ್ತಿದ್ದ. ಅವಳು ಅವನ ಬೆನ್ನ ಮೇಲೆ ನಿಂತಿದ್ದಳು. ಹೊರಡುವಾಗ ನಾನು ಕೈ ಮುಗಿದದ್ದು ಅವಳಿಗೋ ಅವನಿಗೋ, ನನಗೇ ಸ್ಪಷ್ಟವಿಲ್ಲ.

ಎಲೆನಾಳ ಊರು

ಕರೆದಿದ್ದ ಸಭೆಯಲ್ಲಿ ಸುಜಾತಾ ತನ್ನ ಮಾತು ಓದಿ ಮುಗಿಸಿದಳು. ನಾನು ಕೊನೆಯ ಸಾಲಿನಲ್ಲಿ ಕುಳಿತು, ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಉಳಿದ ಎರಡು ದಿನ ಎಲೆನಾಳ ತವರಿಗೆ ಹೋದೆವು. ಬೆಟ್ಟದ ಮೇಲೆ ಊರು, ಬಾಗಿಲಿಗೆ ಬಂದು ಕೂರುವ ಮೋಡ, ಅಂಗಳದಲ್ಲಿ ಒಣಗಲು ಹಾಕಿದ ಹಳದಿ, ಕೆಂಪು, ಕಪ್ಪು ಮೆಕ್ಕೆಜೋಳ.

ಎಲೆನಾಳ ಅವ್ವ ಮಾರ್ತಾ ನನ್ನ ವಯಸ್ಸಿನವಳು, ನನ್ನಂತೆಯೇ ಗಂಡ ಇಲ್ಲದವಳು. ಅವಳೂ ನೆಲ ನೋಡಿಕೊಂಡೇ ಮಾತಾಡುತ್ತಾಳೆ. ನಾವಿಬ್ಬರೂ ಒಲೆಯ ಮುಂದೆ ಕುಳಿತು ಒಂದು ತಾಸು ಏನೂ ಮಾತಾಡದೆ ಬಹಳ ಚೆನ್ನಾಗಿ ಕಾಲ ಕಳೆದೆವು. ಅಷ್ಟರಲ್ಲಿ ಮೂಲೆಯಲ್ಲಿ, ನೇಯ್ದ ಬಟ್ಟೆ ಸುತ್ತಿ ಒರಗಿಸಿದ್ದ ಒಂದು ಕೋಲು ಕಂಡಿತು.

ಅದು ಊರಿನ ಅಧಿಕಾರದ ಕೋಲಂತೆ. ಅರಸರು ಹೋಗಿ ಎಷ್ಟೋ ಕಾಲವಾದರೂ, ಊರವರು ಸಭೆ ಸೇರಿ ಪ್ರತಿ ವರ್ಷ ಒಬ್ಬೊಬ್ಬರ ಕೈಗೆ ಕೊಡುತ್ತಾರೆ. ಸಂಬಳವಿಲ್ಲ. ನೀರು, ಕಾಡು, ಜಗಳ ನೋಡಿಕೊಳ್ಳಬೇಕು. ಮುಂದಿನ ವರ್ಷ ಕೋಲು ಇನ್ನೊಬ್ಬರ ಮನೆಗೆ ಹೋಗುತ್ತದೆ. ಈ ವರ್ಷ ಅವಳ ಓಣಿಯ ಕೋಲು ಮಾರ್ತಾಳ ಮನೆಯಲ್ಲಿ ಇತ್ತು.

ನಾನು ಕೇಳಬೇಕಾದದ್ದು ಇದ್ದದ್ದೇ ಅಲ್ಲಿ. "ಸಭಾದಾಗ ಏನ್ ಮಾತಾಡ್ಬೇಕಂತ ನಿಮಗ ಯಾರ್ ಹೇಳಿಕೊಡ್ತಾರ?" ಎಂದೆ. ಅದು ಸುಜಾತಾಳ ಬಾಯಿಂದ ಎಲೆನಾಳಿಗೆ, ಎಲೆನಾಳ ಬಾಯಿಂದ ಮಾರ್ತಾಳಿಗೆ ಹೋಯಿತು. ಮಾರ್ತಾ ಒಲೆಗೆ ಒಂದು ಕಟ್ಟಿಗೆ ಇಟ್ಟಳು. ಉತ್ತರ ಅದೇ ದಾರಿಯಲ್ಲಿ ಮರಳಿ ಬಂತು.

"ಯಾರೂ ಹೇಳಿಕೊಡಂಗಿಲ್ಲ. ತಿಳಿಲಿಲ್ಲಂದ್ರ, ನಾಳಿ ಹೇಳ್ತೀನಿ ಅಂತೀನಿ. ಅವರು ನಾಳಿ ಬರಬೇಕಾಗ್ತದ."

"ಸಿಟ್ಟಾದ್ರ?"

"ಸಿಟ್ಟಾದ್ರೂ ನಾಳೀನೇ ಬರಬೇಕು."

ಹೇಳಿ ಅವಳು ನಕ್ಕಳು, ಸೆರಗಿನಂಥ ತನ್ನ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು. ನಾನೂ ನನ್ನ ಬೆರಳು ತೋರಿಸಿದೆ.

ಮರಳಿ ಊರು

ಕಲಬುರಗಿಯಲ್ಲಿ ನಿಮಗೆ ಮುತ್ತು ಕೊಟ್ಟು ನೇರ ಊರಿಗೆ ಹೋದೆ. ಮೊದಲು ಶಾಲೆಗೆ ಹೋಗಿ ಅಡುಗೆಮನೆಯ ಮೂಲೆಯಲ್ಲಿದ್ದ ಕಾಲು ಅಲುಗುವ ಹಳೆಯ ಕುರ್ಚಿಯನ್ನು ಕೇಳಿ ತಂದೆ. ಕಾಲಿಗೆ ಬಟ್ಟೆ ಬಿಗಿದೆ. ನಾಮಪತ್ರವನ್ನು ಎರಡು ಸಲ ಓದಿ, ನನ್ನ ಹೆಸರಿನ ಕಡೆ ಸಹಿ ಹಾಕಿದೆ.

ಸಂಜೆ ಅಣ್ಣಾರಾವ ಬಂದ. ಎಂದಿನ ಕುರ್ಚಿಯಲ್ಲಿ ಕುಳಿತ. ನಾನು ಇನ್ನೊಂದನ್ನು ಎಳೆದು ಎದುರಿಗೆ ಕುಳಿತೆ. ಅವನ ಮೊಣಕಾಲೂ ನನ್ನ ಮೊಣಕಾಲೂ ಒಂದೇ ಎತ್ತರದಲ್ಲಿದ್ದವು. ಅವನು ಒಮ್ಮೆ ಅದನ್ನೇ ನೋಡಿದ.

"ಆಯ್ತೇನ್ರೀ ಸಹಿ?"

"ನಾಮಪತ್ರಕ್ಕ ಆಗ್ಯಾದ. ಅದನ್ನ ನಾನೇ ಹೋಗಿ ಕೊಟ್ಟು ಬರ್ತೀನಿ. ಸೂಚಕರ ಸಹಿಗಿ ನಮ್ಮ ಕೇರ್ಯಾಗಿನವರು ಬರ್ತಾರ."

"ಖಾಲಿ ಹಾಳಿ?"

"ಅದರ ಮ್ಯಾಲ ಏನ್ ಬರೀಬೇಕಂತ ಹೇಳ್ರಿ. ಬರೀತೀನಿ. ಓದ್ತೀನಿ. ಆಮ್ಯಾಲ ಸಹಿ."

"ಏ ಸುಭದ್ರಾ, ತಲಿ ಕೆಟ್ಟದೇನು ನಿಂದು? ಕಾಕಾಗ ಏನ್ ಹೇಳಲಿ ನಾ?"

'ರೀ' ಹೋಗಿತ್ತು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡೆ. ಅವನು ಕಾದ. ಒಲೆಯ ಮುಂದಿನ ಮಾರ್ತಾಳ ನಗು ನೆನಪಾಯಿತು.

"ತಿಳೀವಲ್ದು," ಎಂದೆ. "ನಾಳಿ ಹೇಳ್ತೀನಿ. ನಾಳಿ ಬರ್ರಿ."

ಅವನು ದಡಕ್ಕನೆ ಎದ್ದು ಹೋದ. ಮರುದಿನ ನಾನು ನಾಮಪತ್ರ ಕೊಟ್ಟು ಮನೆಗೆ ಬರುವಷ್ಟರಲ್ಲಿ ಬಂದು ಅಂಗಳದಲ್ಲಿ ನಿಂತಿದ್ದ. ಇನ್ನೂ ಸಿಟ್ಟಿನಲ್ಲೇ ಇದ್ದ. ಆದರೆ ಬಂದಿದ್ದ.

"ಇನ್ನೊಬ್ಬಾಕಿನ್ನ ನಿಲ್ಲಿಸ್ತೀವಿ, ನೋಡು," ಎಂದ.

"ನಿಲ್ಲಿಸ್ರಿ. ಆಕೀಗೂ ಓದಾಕ ನಾನೇ ಕಲಸ್ತೀನಿ," ಎಂದೆ. ಅಷ್ಟು ಉದ್ದದ ಮಾತು ಎಲ್ಲಿಂದ ಬಂತೋ.

ಗೆಲ್ಲುತ್ತೇನೋ ಸೋಲುತ್ತೇನೋ ಇದನ್ನು ಬರೆಯುವಾಗ ತಿಳಿದಿಲ್ಲ. ಖಾಲಿ ಹಾಳೆಗಳನ್ನು ಅವನು ಮತ್ತೆ ಕೇಳಲಿಲ್ಲ. ನಾನೂ ಹರಿಯಲಿಲ್ಲ. ಸಮುದ್ರ ದಾಟಿ ಬಂದ ಹಾಳೆ ಹರಿಯಲು ಮನಸ್ಸಾಗದು. ಮೊದಲ ಎರಡು ಪುಟಗಳ ಬುಡವನ್ನು ಬೆಳಕಿಗೆ ಹಿಡಿದು ನೋಡಿ, ಮೀಸೆಯ ಅಧಿಕಾರಿ ನೋಡಿದಂತೆ. ಪೆನ್ಸಿಲಿನ ಸಣ್ಣ ಗುರುತು ಕಾಣುತ್ತದೆ. ಅದರ ಮೇಲೆಯೇ ನಿಮ್ಮ ಆಯಿ ತನ್ನ ಮಾತು ಬರೆದಿದ್ದಾಳೆ.